ತೊಡಿಸುವಾಗ ಒಡೆದದ್ದು

ಮೆಹರುನ್ನಿಸಾ ಸತ್ತ ಫೋನುಗಳನ್ನು ಬಳೆ ಬುಟ್ಟಿಗೆ ತುಂಬಿ, ಮೇಲೊಂದು ಹಸಿರು ಅರಿವೆ ಹೊದಿಸಿ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಧರ್ಮರಾಜನ ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗೆ ತಂಪು ಗಾಳಿ, ಗಾಜಿನ ಕಪಾಟು, ಗೋಡೆ ತುಂಬ ಟೆಲ್ವಿನ್ ಕಂಪನಿಯ ಹೊಸ ಫೋನಿನ ಪಟ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿಗೆ ಧರ್ಮರಾಜನೇ ಆ ಕಂಪನಿಯ ಏಜೆಂಟ. ಅವನು ಗಿರಾಕಿಗಳ ನಡುವೆ ನಿಂತು ಹೊಸ ಫೋನನ್ನು ಕೂಸಿನ ಹಾಗೆ ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದ.

"ಬರ್ರಿ ಚಾಚಿ. ಇವತ್ತ ಬಳಿ ಬ್ಯಾಡ್ರಿ, ಮನ್ಯಾಕಿ ತವರಿಗಿ ಹೋಗ್ಯಾಳ," ಎಂದ ಅವನು, ತಲೆ ಎತ್ತದೆ.

ಮೆಹರುನ್ನಿಸಾ ಅರಿವೆ ಸರಿಸಿದಳು. ಬುಟ್ಟಿಯೊಳಗೆ ಕಪ್ಪಗೆ ಮಲಗಿದ್ದ ಫೋನುಗಳಲ್ಲಿ ಒಂದೆರಡಕ್ಕೆ ಇನ್ನೂ ಜೀವವಿತ್ತು. ಅವುಗಳ ಪರದೆಯ ಮೇಲೆ ಕಂಪನಿಯ ಗುರುತು ಮೂಡಿ, ಅದರ ಸುತ್ತ ಒಂದು ಚಕ್ರ ಗಾಣದ ಎತ್ತಿನ ಹಾಗೆ ತಿರುಗುತ್ತಲೇ ಇತ್ತು.

"ಬಳಿ ಅಲ್ಲಪ್ಪಾ. ನೀ ಕೊಟ್ಟ ಮಾಲು. ತಿರಗಿ ತಗೋ."

ಧರ್ಮರಾಜ ಈಗ ತಲೆ ಎತ್ತಿದ. "ಚಾಚಿ, ಹೋದ ಸಲನ ಹೇಳೇನಿ. ಹಳೇ ಸಿಸ್ಟಮ್ ಕಂಪನಿ ನಿಲ್ಲಿಸೇತಿ. ಹೊಸಾದು ಬಂದೈತಿ. ಅದು ಈ ಫೋನಿನ್ಯಾಗ ಹಿಡಿಯಂಗಿಲ್ಲ. ಹೊಸಾ ಫೋನ್ ತಗೋಬೇಕು, ಅಷ್ಟ."

"ತೊಡಸುವಾಗ ಒಡದ್ರ ಕಂಪನಿದು ಅಂದಿದ್ದಿ."

"ಯಾವಾಗ ಅಂದೇನಿ?"

"ನನ್ನ ಮನಿ ಕಟ್ಟಿ ಮ್ಯಾಲ ಕುಂತು, ನನ್ನ ಚಾ ಕುಡಕೋತ."

ಅವನು ಗಿರಾಕಿಗಳ ಕಡೆ ತಿರುಗಿ ನಕ್ಕ. ಅವರೂ ಸ್ವಲ್ಪ ನಕ್ಕರು. "ನೋಡ್ರಿ ಇದನ್ನ. ಬಳಿ ಕಾಯ್ದೆ ಫೋನಿಗಿ ಹಚ್ಚಾಕತ್ತಾರ. ಚಾಚಿ, ನಾ ಅಂಥಾ ಮಾತು ಕೊಟ್ಟೇ ಇಲ್ಲ. ಬಳಿ ಮಾರೋ ಬಾಯಾಗ ಕಂಪನಿ ಹೆಸರು ಕೊಟ್ಟದ್ದ ನನ್ನ ತಪ್ಪಾತು. ಇಸಾಕ, ನಿಮ್ಮ ಖಾಲಾಗ ಬಾಗಲ ತೋರಸು."

ಇಸಾಕ ಮೆಹರುನ್ನಿಸಾಳ ಸ್ವಂತ ತಂಗಿಯ ಮಗ. ಹೆಂಡತಿ ಬುಶ್ರಾ, ಎರಡು ಕೂಸು, ಈ ಅಂಗಡಿಯ ಕೆಲಸವೇ ಅವನ ಅನ್ನ. ಅವನು ನೆಲ ನೋಡುತ್ತ ಬಂದ, ಬುಟ್ಟಿ ಎತ್ತಿದ, ಹೊರಗೆ ಮೆಟ್ಟಿಲ ಮೇಲೆ ಇಟ್ಟ. ಇಟ್ಟವನು, ಅವಳು ಹೊರಬರಲೆಂದು ಬಾಗಿಲು ತೆರೆದು ಹಿಡಿದ. ಮೆಹರುನ್ನಿಸಾ ಅದನ್ನೂ ನೋಡಿಕೊಂಡಳು. ಬುಟ್ಟಿ ಕಂಕುಳಿಗೆ ಏರಿಸಿ ಇಳಿದು ಹೋದಳು. ಬೈದು ಹೋಗಿದ್ದರೆ ಧರ್ಮರಾಜನ ಪಾಲಿಗೆ ಒಳ್ಳೆಯದಿತ್ತು. ಬೈಗುಳ ಬಾಯಿಂದ ಹೊರಬಿದ್ದರೆ ಹೊಟ್ಟೆ ಖಾಲಿಯಾಗುತ್ತದೆ. ಅವಳ ಹೊಟ್ಟೆ ತುಂಬಿಯೇ ಉಳಿಯಿತು.

ಬಳೆ ಕಾಯ್ದೆ ಎಂದು ಅವನು ನಕ್ಕನಲ್ಲ, ಅದು ಏನೆಂದು ಹೇಳಿಬಿಡಬೇಕು. ಗಾಜಿನ ಬಳೆಯನ್ನು ಕೈಗೆ ಏರಿಸುವಾಗ ಒಂದೊಂದು ಸಲ ಒಡೆಯುತ್ತದೆ. ಕೈ ಬಿರುಸಿರಬಹುದು, ಗಾಜು ತೆಳ್ಳಗಿರಬಹುದು, ತೊಡುವವಳು ಕೈ ಎಳೆದುಕೊಂಡಿರಬಹುದು. ತಪ್ಪು ಯಾರದೇ ಇರಲಿ, ಮಣಿಕಟ್ಟಿಗೆ ಸೇರುವ ಮೊದಲು ಒಡೆದ ಬಳೆ ಬಳೆಗಾರ್ತಿಯದು. ಅದರ ರೊಕ್ಕ ಕೇಳುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗೂ ಇಲ್ಲ. ಇದನ್ನು ಮೆಹರುನ್ನಿಸಾಳಿಗೆ ಕಲಿಸಿದವಳು ಅತ್ತೆ ಅಖ್ತರಬೇಗಂ. "ಒಡದದ್ದು ನಮ್ಮದು ಬೇಟಿ. ಹಂಗಂತನ ಅವರು ಕಣ್ಣ ಮುಚ್ಚಿ ಕೈ ಕೊಡ್ತಾರ. ಇಲ್ಲಂದ್ರ ಯಾರ ಕೊಡ್ತಾರ ಬ್ಯಾರೆಯವರ ಕೈಯಾಗ ಕೈ?" ಎನ್ನುತ್ತಿದ್ದಳು ಅವಳು. ಮನಿಯಾರ ಮನೆತನದ ಹೆಂಗಸರು ತಲೆಮಾರಿನಿಂದ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ, ಆ ಮಲಾರವನ್ನು ಹೆಗಲಿಗೆ ಹಾಕಿಕೊಂಡು, ನಾಲ್ಕು ತಾಲೂಕಿನ ಸಂತೆ, ಮದುವೆಮನೆ, ಸೀಮಂತ ಎಲ್ಲ ತಿರುಗಿದ್ದು ಆ ಒಂದು ನೇಮದ ಬಲದ ಮೇಲೆ. ಇಂಡಿಯ ನಿಂಬೆ ವ್ಯಾಪಾರಿಗಳ ಮನೆಯಿಂದ ಹಿಡಿದು ಆಲಮೇಲದ ಕಬ್ಬು ಕಡಿಯುವವರ ಗುಡಿಸಲವರೆಗೆ ಅವಳು ಹಿಡಿಯದ ಕೈ ಇರಲಿಲ್ಲ.

ಧರ್ಮರಾಜ ಅದನ್ನು ಬಲ್ಲವನೇ. ಗಂಡಸರು ಬೇರೆ ಕಂಪನಿಯ ಫೋನುಗಳಿಗೆ ಒಗ್ಗಿಹೋಗಿದ್ದರು. ಟೆಲ್ವಿನ್‌ನವರಿಗೆ ಉಳಿದದ್ದು ಹೆಂಗಸರು. ಹೆಂಗಸರ ಪಡಸಾಲೆಗೆ ಹೋಗಬಲ್ಲವರು ಯಾರು? ಅವನು ಬಂದು ಮೆಹರುನ್ನಿಸಾಳ ಕಟ್ಟೆಯ ಮೇಲೆ ಕೂತ. ಮೊದಲು ಒಂದು ಫೋನು ಅವಳಿಗೇ ಕೊಟ್ಟ. ಸುಳ್ಳೇಕೆ ಹೇಳಬೇಕು, ಫೋನು ಚೆನ್ನಾಗಿತ್ತು. ದಪ್ಪ ಕನ್ನಡ ಅಕ್ಷರ, ಬಿದ್ದರೂ ಒಡೆಯದ ಮೈ, ಓದಲು ಬಾರದವರಿಗೆ ಬಾಯಿಂದಲೇ ಹೇಳಿ ಕಳಿಸುವ ಅನುಕೂಲ. ಒಂದು ಮಳೆಗಾಲ ಪೂರಾ ಅವಳು ಬಳಸಿ ನೋಡಿದಳು. ಆಮೇಲೆ ಆ ಒಂದು ಪ್ರಶ್ನೆ ಕೇಳಿದಳು: ತೊಡಿಸುವಾಗ ಒಡೆದರೆ ಯಾರದು?

"ಕಂಪನಿದು ಚಾಚಿ, ಕಂಪನಿದು," ಎಂದಿದ್ದ ಅವನು, ಬಶಿಯಿಂದ ಚಹಾ ಹೀರುತ್ತ.

ಅಷ್ಟು ಸಾಕಾಗಿತ್ತು ಅವಳಿಗೆ. ಮಾಲು ಕೊಡುವವರೆಲ್ಲ ಬಳೆಗಾರ್ತಿಯ ನೇಮಕ್ಕೆ ಬದ್ಧರೆಂದು ಅವಳು ತಿಳಿದಳು. ಅದೇ ಮಾತನ್ನು ಮನೆಮನೆಯಲ್ಲಿ, ಕೈ ಹಿಡಿದುಕೊಂಡೇ ಹೇಳಿದಳು. ಫೋನು ಮಾರಿಸಿದ್ದಕ್ಕೆ ಅವಳಿಗೂ ಏನೋ ಸಿಗುತ್ತಿತ್ತು. ಅದಕ್ಕಾಗಿ ಅವಳು ಹೇಳಲಿಲ್ಲ, ಆದರೂ ಅದು ಸಿಗುತ್ತಿತ್ತು.

ನಾಲತವಾಡದ ದುರ್ಗವ್ವನೂ ಹಾಗೆಯೇ ಕೊಂಡವಳು. ದುರ್ಗವ್ವ ತನ್ನ ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿ ಸಂಘ ಕಟ್ಟಿದ್ದಳು. ಮದುವೆ, ನಿಶ್ಚಯಗಳಿಗೆ ಮೆತ್ತನ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಕೀಳು ಜಾತಿಯವರ ಕೈ ರೊಟ್ಟಿ ಎಂದು ಮೂಗು ಮುರಿದವರ ಮನೆಗಳಿಂದಲೇ ಈಗ ಅವಳಿಗೆ ಕರೆ ಬರುತ್ತಿತ್ತು. ಬರುತ್ತಿದ್ದದ್ದೆಲ್ಲ ಆ ಟೆಲ್ವಿನ್ ಫೋನಿಗೇ.

ಒಂದು ಬೆಳಿಗ್ಗೆ ಕಂಪನಿಯವರು ಯಾರನ್ನೂ ಕೇಳದೆ ಫೋನುಗಳೊಳಗೆ ಹೊಸ ಸಿಸ್ಟಮ್ ಕಳಿಸಿದರು. ಪರದೆಯ ಮೇಲೆ 'ಅಪ್‌ಡೇಟ್' ಎಂದು ಬಂತು, ಚಕ್ರ ತಿರುಗತೊಡಗಿತು, ನಿಲ್ಲಲಿಲ್ಲ. ಅದೇ ದಿನ ಬಸವನ ಬಾಗೇವಾಡಿಯ ಒಂದು ದೊಡ್ಡ ಮನೆಯವರು, ಮನೆಯ ಹಿರಿಯ ಹಾಸಿಗೆ ಹಿಡಿದನೆಂದು, ಮಗಳ ನಿಶ್ಚಯವನ್ನು ಗೊತ್ತಾದ ದಿನಕ್ಕಿಂತ ಮೊದಲೇ, ಅವಸರದಿಂದ ಮರುದಿನಕ್ಕೆ ಎಳೆದುಕೊಂಡಿದ್ದರು. ರೊಟ್ಟಿ ನಾಳೆಯೇ ಬೇಕೆಂದು ದುರ್ಗವ್ವನ ಫೋನಿಗೆ ಹೇಳಿ ಕಳಿಸಿದರು. ಫೋನು ಹಚ್ಚಿದರು. ಚಕ್ರ ತಿರುಗುತ್ತಿತ್ತು. ಮರುದಿನ ಮಂಟಪದಲ್ಲಿ ಎಲೆ ಹಾಕಿ ಬೀಗರನ್ನು ಕೂಡಿಸಿದರು. ರೊಟ್ಟಿ ಬರಲಿಲ್ಲ. ನಮ್ಮ ಸೀಮೆಯಲ್ಲಿ ರೊಟ್ಟಿಯಿಲ್ಲದ ಪಂಕ್ತಿಯೆಂದರೆ ಬೀಗರ ಮುಖಕ್ಕೆ ಹೊಡೆದ ಹಾಗೆ. ಅವರು ಮೊದಲು ಹೇಳಿದ್ದ ದಿನಕ್ಕೆ ಸರಿಯಾಗಿ ದುರ್ಗವ್ವ ಬುಟ್ಟಿ ಹೊರಿಸಿಕೊಂಡು ಹೋದಾಗ ಮಂಟಪಕ್ಕೆ ಕೀಲಿ ಬಿದ್ದಿತ್ತು. ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ, ಅವಳ ಜಾತಿಯನ್ನು ಮೊದಲು ಮಾಡಿ ಎಲ್ಲ ಹಿಡಿದು ಬೈದರು. ಆಮೇಲೆ ಆ ಊರಿನಿಂದ ಒಂದು ಕರೆಯೂ ಬರಲಿಲ್ಲ.

ಮೆಹರುನ್ನಿಸಾ ಇದನ್ನೆಲ್ಲ ಕೇಳಿದ್ದು ನಾಲತವಾಡದ ಪಡಸಾಲೆಯಲ್ಲಿ ಮಲಾರ ಇಳಿಸಿ ಕೂತಾಗ. ದುರ್ಗವ್ವ ಎಲ್ಲ ಹೇಳಿದಳು, ಅಳಲಿಲ್ಲ. ಮೆಹರುನ್ನಿಸಾ ಅಭ್ಯಾಸದಂತೆ ಕೈ ಚಾಚಿದಳು. ದುರ್ಗವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವತ್ತ ಬ್ಯಾಡಕ್ಕಾ."

ಲಗ್ನದ ಹಸಿರು ಬಳೆಯಿಂದ ಹಿಡಿದು ಆ ಕೈಗೆ ಬೇರೆ ಯಾರೂ ಬಳೆ ಇಟ್ಟಿರಲಿಲ್ಲ. ಹಾಗೆಯೇ ಸಿಂದಗಿಯಲ್ಲಿ, ಇಂಡಿಯಲ್ಲಿ, ಫೋನು ಕೊಂಡ ಪ್ರತಿ ಮನೆಯಲ್ಲಿ ಕೈಗಳು ಒಂದೊಂದಾಗಿ ಸೆರಗಿನೊಳಗೆ ಹೋದವು. ಯಾರೂ ಬೈಯಲಿಲ್ಲ. ಚಹಾ ಕೊಟ್ಟರು, ಕೈ ಕೊಡಲಿಲ್ಲ. ಮೆಹರುನ್ನಿಸಾ ಸತ್ತ ಫೋನುಗಳನ್ನು ಬೇಡಿ ತಂದು ಬುಟ್ಟಿಗೆ ತುಂಬಿ ಧರ್ಮರಾಜನ ಮೆಟ್ಟಿಲು ಹತ್ತಿದ್ದು ಆಮೇಲೆ. ಅಲ್ಲಿ ಏನಾಯಿತೆಂದು ಹೇಳಿಯಾಯಿತು.

ಅವಳಿಗೆ ಬೇಕಾಗಿದ್ದದ್ದು ಆ ಕೈಗಳು. ಆದರೆ ಮೆಟ್ಟಿಲಿಳಿದ ಮೇಲೆ ಅದಕ್ಕಿಂತ ಮೊದಲು ಇನ್ನೊಂದು ಬೇಕಾಯಿತು.

ದುರ್ಗವ್ವನ ಮಗಳು ಸಂಘಮಿತ್ರಾ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮೆಹರುನ್ನಿಸಾ ಅವಳನ್ನು ಕಾಲೇಜಿನ ಬೇವಿನ ಮರದ ಕೆಳಗೆ ಹಿಡಿದು ಕೂಡಿಸಿದಳು.

"ಸಂಘೂ, ಈ ಕಂಪನಿ ಜೀವ ಎಲ್ಲೈತಿ ಹೇಳು."

"ಯಾಕ ದೊಡ್ಡವ್ವಾ, ಕತ್ತ ಹಿಚಕಾಕೇನು?" ಎಂದು ನಕ್ಕಳು ಹುಡುಗಿ. ದೊಡ್ಡವ್ವ ನಗದಿದ್ದುದನ್ನು ನೋಡಿ ನಗು ಬಿಟ್ಟು ಹೇಳತೊಡಗಿದಳು. "ನೋಡು, ಫೋನಿನ ಒಳಗಿನ ಸಿಸ್ಟಮ್ ಅಂದ್ರ ಸಂತಿ ಮೈದಾನ ಇದ್ದಂಗ. ಮೈದಾನ ಕಂಪನಿದು. ಅಂಗಡಿ ಹಾಕಾವ್ರು ಬ್ಯಾರೆಯವ್ರು. ಮೆಸೇಜಿನವ್ರು, ಬ್ಯಾಂಕಿನವ್ರು, ಹಾಡಿನವ್ರು. ಇವರು ಮೊದಲ ಒಂದು ಮೈದಾನ ಕೊಟ್ರು. ಅಂಗಡಿ ಬಂದ್ವು. ಆಮ್ಯಾಲ, ಇದು ಸರಿಯಿಲ್ಲ, ಬ್ಯಾರೆ ಕಡೆ ಬರ್ರಿ ಅಂದ್ರು. ತಟ್ಟಿ ಕಿತ್ಕೊಂಡು ಅರ್ಧ ಮಂದಿ ಹೋದ್ರು. ಈಗ ಮೂರನೇದು. ಪ್ರತಿ ಸಲ ಹಳೇ ಮೈದಾನದಾಗ ಉಳದವ್ರಿಗಿ ನೀರ ಬಂದ್, ದೀಪಾ ಬಂದ್. ಯಾರ ಬರ್ತಾರ ಇನ್ನ? ಅಂಗಡಿ ಇಲ್ಲದ ಸಂತಿಗಿ ಜನ ಬರಂಗಿಲ್ಲ, ಜನ ಇಲ್ಲದ ಸಂತಿಗಿ ಅಂಗಡಿ ಬರಂಗಿಲ್ಲ."

"ಅಂದ್ರ ಅದು ತಾನ ಸಾಯ್ತೈತಿ?"

"ಸಾಯ್ತೈತಿ. ಆದ್ರ ರೊಕ್ಕ ಭಾಳ ಐತಿ ಅವರ ಹತ್ರ. ಸಾವಕಾಶ ಸಾಯ್ತೈತಿ."

"ಸಾವಕಾಶ ಬ್ಯಾಡ," ಎಂದಳು ಮೆಹರುನ್ನಿಸಾ. "ಮತ್ತ ತಾನ ಸಾಯೂದೂ ಬ್ಯಾಡ. ನಂದೊಂದು ಕೈ ಇರಬೇಕು."

ಸಂಘಮಿತ್ರಾ ಅವಳ ಮುಖ ನೋಡಿದಳು. "ದೊಡ್ಡವ್ವಾ, ಸುಳ್ಳ ಮಾತ್ರ ಹೇಳಬ್ಯಾಡ. ಪೊಲೀಸ ಸ್ಟೇಶನ್ನಿಗಿ ಎಳೀತಾರ."

"ಸುಳ್ಳ ಯಾಕ ಹೇಳ್ಲಿ? ಖರೆ ಏನ ಕಮ್ಮಿ ಐತೇನು?"

ಅವಳು ಮತ್ತೆ ಮಲಾರ ಹೆಗಲಿಗೇರಿಸಿದಳು. ಫೋನು ಕೊಳ್ಳದ ಮನೆಗಳಲ್ಲಿ ಕೈಗಳು ಇನ್ನೂ ಸಿಗುತ್ತಿದ್ದವು. ಆ ಕೈ ಹಿಡಿದು, ಬೆರಳ ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡುತ್ತ, ಅವಳು ಟೆಲ್ವಿನ್ ಫೋನನ್ನು ಹೊಗಳುತ್ತಿದ್ದಳು. ಹೌದು, ಹೊಗಳುತ್ತಿದ್ದಳು. "ಹೊಸಾ ಫೋನ್ ಬಂದೈತೆವ್ವಾ. ಭಾಳ ಚಂದ ಐತಿ. ತಗೋರಿ ಬೇಕಾದ್ರ. ಆದ್ರ ಒಂದ ಮಾತು ಕೇಳ್ರಿ. ತೊಡಸುವಾಗ ಒಡದ್ರ ಯಾರದು? ಏಜೆಂಟಗ ಕೇಳಬ್ಯಾಡ್ರಿ, ಅಂವ ಚಾ ಕುಡದು ಮರೀತಾನ. ಮ್ಯಾಲಿನ ಸಾಹೇಬನ ಬಾಯಿಂದ ಕೇಳ್ರಿ." ಫೋನು ಕೊಂಡು ಕೆಟ್ಟವರ ಮನೆಗಳಲ್ಲಿ ಅವಳು ಕೈ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಅದೇ ಮಾತು ಹೇಳಿ ಎದ್ದಳು. ಅವರಿಗೂ ಹೊಟ್ಟೆಯೊಳಗೆ ಕೆಂಡವಿತ್ತು. ಊದುವುದಷ್ಟೇ ಇವಳ ಕೆಲಸ. ತವರಿಗೆ ಹೋದ ಹೆಣ್ಣುಮಕ್ಕಳು ಆ ಪ್ರಶ್ನೆಯನ್ನು ತವರಿಗೆ ಒಯ್ದರು, ಅತ್ತೆಮನೆಗೆ ಬಂದವರು ಅತ್ತೆಮನೆಗೆ ತಂದರು.

ಆ ಸಾಹೇಬ ಬಸವನ ಬಾಗೇವಾಡಿಗೆ ಬಂದ. ಹೊಸ ಫೋನನ್ನು ಮಹಿಳಾ ಸಂಘದವರಿಗೆ ತೋರಿಸುವುದಕ್ಕೆಂದು ಧರ್ಮರಾಜ ಕಲ್ಯಾಣ ಮಂಟಪ ಹಿಡಿದಿದ್ದ. ಶಿರಾ, ಉಪ್ಪಿಟ್ಟು, ಪ್ರತಿಯೊಬ್ಬರ ಕುರ್ಚಿಯ ಮೇಲೆ ಒಂದು ಬಣ್ಣದ ಡಬ್ಬಿ ಕಾಣಿಕೆ. ನಾಲ್ಕೂ ತಾಲೂಕಿನ ಹೆಂಗಸರು ಟ್ರ್ಯಾಕ್ಸ್ ಜೀಪುಗಳಲ್ಲಿ ಬಂದಿಳಿದರು. ಧರ್ಮರಾಜ ಬಾಗಿಲಲ್ಲಿ ನಿಂತು ಕೈ ಮುಗಿದು ಮುಗಿದು ದಣಿದ. ಒಂದು ಮೂಲೆಯಲ್ಲಿ ಮಲಾರ ಇಳಿಸಿ ಕೂತ ಮೆಹರುನ್ನಿಸಾಳನ್ನು ನೋಡಿದಾಗಲೂ ಅವನು ನಕ್ಕ. "ನೋಡ್ರಿ ಚಾಚಿ, ನೀವು ಇಲ್ಲದಿದ್ರೂ ಬಂದ್ರು."

ಸಾಹೇಬ ದೊಡ್ಡ ಪರದೆಯ ಮೇಲೆ ಹೊಸ ಸಿಸ್ಟಮ್ಮಿನ ಚೆಂದ ತೋರಿಸಿದ. ಒಳ್ಳೆಯವನೇ, ಬೆಂಗಳೂರು ಕನ್ನಡದಲ್ಲಿ ಮೆತ್ತಗೆ ಮಾತಾಡುತ್ತಿದ್ದ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದ. ಕೋಲೂರಿಕೊಂಡು ಬಂದಿದ್ದ ರೇವವ್ವನೆಂಬ ಮುದುಕಿ ಎದ್ದು ನಿಂತಳು.

"ಸಾಹೇಬ್ರ, ತೊಡಸುವಾಗ ಒಡದ್ರ ಯಾರದು?"

ಸಾಹೇಬ ಧರ್ಮರಾಜನ ಕಡೆ ನೋಡಿದ. ಧರ್ಮರಾಜನ ಮುಖದ ನಗು ಸುಣ್ಣದ ಗೋಡೆಯ ಹಾಗೆ ಉದುರಿತು. ಅವನು ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಸಾಹೇಬ ಮೈಕು ಹಿಡಿದು, ಒಂದು ವರ್ಷದ ವಾರಂಟಿ ಇದೆಯಮ್ಮ, ಆದರೆ ಸಾಫ್ಟ್‌ವೇರ್ ಬದಲಾವಣೆಯಿಂದ ಆದದ್ದು ಅದರಲ್ಲಿ ಬರುವುದಿಲ್ಲ, ಅದು ಎಲ್ಲ ಕಂಪನಿಗಳಲ್ಲೂ ಹಾಗೆಯೇ ಎಂದ. ರೇವವ್ವ ಕೂತಳು. ಹಿಂದಿನ ಸಾಲಿನಿಂದ ಇನ್ನೊಬ್ಬಳು ಎದ್ದಳು.

"ಸಾಹೇಬ್ರ, ತೊಡಸುವಾಗ ಒಡದ್ರ ಯಾರದು?"

ಅವನು ಮತ್ತೆ ಹೇಳಿದ. ಮೂರನೆಯವಳು ಎದ್ದಳು. ಅದೇ ಮಾತು. ಅವರು ಕೂಗಲಿಲ್ಲ, ಜಗಳ ತೆಗೆಯಲಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಏಳುವ ಹಾಗೆ ಅಲ್ಲೊಬ್ಬಳು ಇಲ್ಲೊಬ್ಬಳು ಎದ್ದು ಕೇಳಿದರು, ಕೂತರು. ಕೊನೆಗೆ ಸಾಹೇಬ ಮೈಕನ್ನು ಧರ್ಮರಾಜನ ಕೈಗೆ ಕೊಟ್ಟು ಫೋನು ಬಂದವನ ಹಾಗೆ ಹೊರಗೆ ಹೋದ. ಹೆಂಗಸರು ಶಿರಾ ಉಪ್ಪಿಟ್ಟು ತಿಂದರು. ಅನ್ನದ ಮೇಲೆ ಸಿಟ್ಟು ತೋರಿಸುವ ಪೈಕಿ ಅವರಲ್ಲ. ಡಬ್ಬಿಗಳನ್ನು ಮಾತ್ರ ಕುರ್ಚಿಯ ಮೇಲೆಯೇ ಬಿಟ್ಟು ಹೋದರು. ಖಾಲಿ ಮಂಟಪದಲ್ಲಿ ಸಾಲುಸಾಲು ಬಣ್ಣದ ಡಬ್ಬಿಗಳ ನಡುವೆ ಧರ್ಮರಾಜ ಮೈಕು ಹಿಡಿದು ನಿಂತದ್ದನ್ನು ನೋಡಿ ಮೆಹರುನ್ನಿಸಾಳಿಗೆ ಹಾಲು ಕುಡಿದಷ್ಟು ತಣ್ಣಗಾಯಿತು. ಬೇಗ ಏಳಲಿಲ್ಲ ಅವಳು. ಆ ನೋಟವನ್ನು ಎಲೆಯಡಿಕೆಯ ಹಾಗೆ ಸಾವಕಾಶ ಜಗಿದಳು.

ಆ ಹೊಸ ಫೋನು ನಾಲ್ಕು ತಾಲೂಕಿನಲ್ಲಿ ಬೇರು ಬಿಡಲಿಲ್ಲ. ಬೇರೆ ಕಡೆಯೂ ಬಿಡಲಿಲ್ಲ. ಮುಂದಿನ ಬೇಸಿಗೆಗೆ ಕಂಪನಿ ಫೋನಿನ ವ್ಯವಹಾರವನ್ನೇ ಮುಚ್ಚುತ್ತದೆಂದು ಪೇಪರಿನಲ್ಲಿ ಬಂತು. ಸಂಘಮಿತ್ರಾ ಓದಿ ಹೇಳಿದಳು. ಆ ಬರಹದಲ್ಲಿ ಅಂಗಡಿಯಿಲ್ಲದ ಸಂತೆಯ ಸಂಗತಿಯೇ ದೊಡ್ಡ ದೊಡ್ಡ ಮಾತುಗಳಲ್ಲಿತ್ತು. ರೇವವ್ವನ ಹೆಸರಿರಲಿಲ್ಲ, ಬಳೆಯ ಸುದ್ದಿಯಿರಲಿಲ್ಲ. ಸಾಹೇಬರಿಗೆ ಬೇರೆ ಕೆಲಸ ಕೊಟ್ಟಿದ್ದೇವೆಂದೂ ಬರೆದಿತ್ತು.

"ಅಳೂದೇನೂ ಇಲ್ಲೇನು ಅದರಾಗ? ತಪ್ಪಾತು ಅಂತ ಏನರ ಐತೇನು?" ಎಂದು ಕೇಳಿದಳು ಮೆಹರುನ್ನಿಸಾ.

"ಇಲ್ಲ ದೊಡ್ಡವ್ವಾ. ಕಲಿತೇವಿ ಅಂತಾರ. ಮುಂದಕ್ಕ ಹೋಗ್ತೇವಿ ಅಂತಾರ."

ಅವಳಿಗೆ ಬಾಯಿ ಕಹಿಯಾಯಿತು. ಸೇಡು ತೀರಿಸಿಕೊಳ್ಳಲು ಒಂದು ಕುತ್ತಿಗೆ ಬೇಕು, ಆ ಕಂಪನಿಗೆ ಕುತ್ತಿಗೆಯೇ ಇರಲಿಲ್ಲ. ಸತ್ತರೂ ಅದಕ್ಕೆ ನೋಯಲಿಲ್ಲ. ಕುತ್ತಿಗೆ ಇದ್ದದ್ದು ಧರ್ಮರಾಜನಿಗೆ.

ಇಸಾಕನಿಗೂ ಇತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲವಾದ ಮೇಲೆ ಮೊದಲು ಹೊರಬಿದ್ದವನು ಅವನೇ. ಬುಶ್ರಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು ಅಂಗಳದಲ್ಲೇ ನಿಂತಳು. "ಖಾಲಾ, ನಿಮ್ಮ ಹಟಕ್ಕ ನಮ್ಮ ಒಲಿ ಆರಿತು. ಇನ್ನರ ಸಮಾಧಾನ ಆತೇನು?" ಮೆಟ್ಟಿಲ ಮೇಲೆ ಬುಟ್ಟಿ ಇಟ್ಟ ಕೈ ಮೆಹರುನ್ನಿಸಾಳ ಕಣ್ಣ ಮುಂದೆ ಬಂತು. ಸಂಜೆಗೆ ಇಸಾಕನ ಮನೆಗೆ ಒಂದು ಚೀಲ ಜೋಳ ಕಳಿಸಿದಳು. ಮಾತು ಕಳಿಸಲಿಲ್ಲ.

ಧರ್ಮರಾಜ ಬಂದದ್ದು ಶ್ರಾವಣದಲ್ಲಿ. ಈ ಸಲ ಕಟ್ಟೆಯ ಮೇಲೆ ಕೂಡಲಿಲ್ಲ, ಅಂಗಳದಲ್ಲಿ ನಿಂತ. ಎಲ್ಲರ ಕೈಯಲ್ಲೂ ಇರುವ ಸಿಸ್ಟಮ್ಮಿನ ಫೋನುಗಳನ್ನೇ ಈಗ ಅವನೂ ತಂದಿಟ್ಟಿದ್ದ. ಆದರೂ ಹೆಂಗಸರು ಅವನ ಅಂಗಡಿಯ ಮುಂದೆ ಬಂದಾಗ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದರು. ಮನೆಯ ಹೆಂಗಸು ಬೇಡವೆಂದ ಅಂಗಡಿಗೆ ಗಂಡಸೂ ಬರಲಿಲ್ಲ.

"ಕಂಪನಿ ನನಗೂ ನಡುನೀರಾಗ ಕೈ ಬಿಟ್ಟೈತಿ ಚಾಚಿ," ಎಂದ. "ಗೋಡೌನಿನ್ಯಾಗ ಆ ಫೋನ್ ಹಂಗ ಅದಾವು. ಇಲಿ ಕಡಿಯಾಕತ್ತಾವು. ಒಡದ್ರ ಕಂಪನಿದು ಅಂತ ನನಗೂ ಮ್ಯಾಲಿನವ್ರು ಹೇಳಿದ್ರು. ನೀವು ಒಂದ ಮಾತು ಅಂದ್ರ ಅಂಗಡಿಗಿ ಹೆಣ್ಮಕ್ಕಳು ಬರ್ತಾರ. ಏನ ಬೇಕ ಹೇಳ್ರಿ."

ಮೆಹರುನ್ನಿಸಾ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಒಮ್ಮೆ ಕೇರಿ, ಕಲ್ಲು ಆರಿಸಿ ಒಗೆದು, ಆಮೇಲೆ ಮೂಲೆಯಲ್ಲಿ ತೂಗುಬಿದ್ದಿದ್ದ ಮಲಾರದ ಕಡೆ ಗದ್ದ ಎತ್ತಿದಳು.

"ಅದನ್ನ ಹೊರು."

"ಏನು?"

"ನಿನ್ನ ಮಾತು ನಾ ನಾಲ್ಕು ತಾಲೂಕು ಹೊತ್ತೇನಿ. ನನ್ನ ಬಳಿ ನೀ ಹೊರು. ನಾ ಫೋನ್ ಮಾರಿದ ಮನಿ ಮನಿ ಮುಂದ ನಿಂತು, ಆ ಮಾತು ನಂದು ಅಂತ ನಿನ್ನ ಬಾಯಿಂದ ಹೇಳು. ಆಮ್ಯಾಲ ನೋಡೂಣು."

ಅವನು ನಗಲು ನೋಡಿದ. "ಬಳಿ ತೊಟ್ಕೊಂಡು ಬಾ ಅನ್ನಲಿಲ್ಲಲ್ಲ, ಅಷ್ಟ ಪುಣ್ಯಾ."

"ಅದು ನಿನಗ ಸಿಗೂ ಮರ್ಯಾದಿ ಅಲ್ಲಪ್ಪಾ. ನಾ ದುಡಿಯೋ ಕೈಗಿ ತೊಡಸಾಕಿ."

ಅವನು ಹೊತ್ತ. ಮೊದಲು ಇಂಡಿ, ಆಮೇಲೆ ಸಿಂದಗಿ. ಮಲಾರ ಹೊರಲು ಒಂದು ನಡಿಗೆ ಇದೆ, ಅದು ಅವನಿಗೆ ಬರುತ್ತಿರಲಿಲ್ಲ. ಹೆಜ್ಜೆಗೊಮ್ಮೆ ಗಾಜು ಝಣ ಝಣ ಎಂದು ಸಂತೆಯ ಕಣ್ಣನ್ನೆಲ್ಲ ಅವನ ಕಡೆ ಎಳೆಯುತ್ತಿತ್ತು. ಹಗ್ಗ ಇಸ್ತ್ರಿ ಅಂಗಿಯ ಹೆಗಲನ್ನು ಕೊರೆಯಿತು. ಸಿಂದಗಿಯ ಒಬ್ಬ ಅರಿವೆ ವ್ಯಾಪಾರಿ ಗಾದಿಯ ಮೇಲಿಂದಲೇ ಕೂಗಿದ, "ಏನ್ರಿ ಏಜೆಂಟ್ರ, ಹೊಸಾ ಮಾಡೆಲ್ ಏನ್ರಿ? ಎಷ್ಟ ಜೀಬಿ?" ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಮೆಹರುನ್ನಿಸಾ ಬೇಕೆಂದೇ ಅಲ್ಲಿ ನಿಂತು ಎಲೆಯಡಿಕೆ ಹಾಕಿಕೊಂಡಳು. ಯಾವುದಾದರೂ ಬಾಗಿಲಲ್ಲಿ ಅವನು ಗೊಣಗಿ ಮುಗಿಸಿದರೆ, "ಜೋರಾಗಿ ಹೇಳು. ಒಳಗ ಅತ್ತಿ ಅದಾಳ, ಅಕಿಗೂ ಕೇಳಬೇಕು," ಎನ್ನುತ್ತಿದ್ದಳು. ಅವನು ಮತ್ತೆ ಹೇಳುತ್ತಿದ್ದ. ಹೇಳಿದ ಮನೆಗಳಲ್ಲಿ ಕೈಗಳು ಸೆರಗಿನಿಂದ ಹೊರಬರತೊಡಗಿದವು. ಒಂದೊಂದು ಕೈ ಬಂದಾಗಲೂ ಅವಳು ಬಳೆ ಏರಿಸುತ್ತ ಓರೆಗಣ್ಣಲ್ಲಿ ಧರ್ಮರಾಜನನ್ನು ನೋಡುತ್ತಿದ್ದಳು. ಯಾವುದು ಹೆಚ್ಚು ರುಚಿ, ಕೈ ಬಂದದ್ದೋ ಅವನು ಬಾಗಿದ್ದೋ, ಅವಳಿಗೇ ತಿಳಿಯುತ್ತಿರಲಿಲ್ಲ.

ನಾಲತವಾಡಕ್ಕೆ ಬಂದಾಗ ಮಧ್ಯಾಹ್ನ ಇಳಿದಿತ್ತು. ದುರ್ಗವ್ವನ ಬಾಗಿಲ ಮೇಲೆ ಬುದ್ಧನ ಪಟ, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಬಂದಳು. ಧರ್ಮರಾಜ ಕಲಿತ ಪಾಠ ಒಪ್ಪಿಸಿದ.

"ದುರ್ಗವ್ವಾರ, ಒಡದ್ರ ಕಂಪನಿದು ಅಂತ ಮಾತು ಕೊಟ್ಟಾಂವ ನಾನು. ಚಾಚಿ ನನ್ನ ನಂಬಿ ನಿಮಗ ಹೇಳಿದ್ರು. ಆಮ್ಯಾಲ ನಾ ಹೇಳೇ ಇಲ್ಲ ಅಂದೆ. ಸುಳ್ಳಾಡಿದಾಂವ ನಾನು."

ದುರ್ಗವ್ವ ಅವನಿಗೆ ಒಂದು ತಂಬಿಗೆ ನೀರು ಕೊಟ್ಟಳು. ಅವನು ಗಟಗಟ ಕುಡಿದ. ಮೆಹರುನ್ನಿಸಾ ಕಟ್ಟೆಯ ಮೇಲೆ ಕೂತು, ಮಲಾರದಿಂದ ಹಸಿರು ಬಳೆ ಬಿಚ್ಚಿ ಕಾದಳು.

"ಅಂವನ ತಪ್ಪ ಅಂವ ಹೊತ್ತ. ಚಲೋ ಆತು," ಎಂದಳು ದುರ್ಗವ್ವ. "ನಿಂದು?"

"ನಂದೇನು ದುರ್ಗಿ? ನಾನೂ ಮೋಸ ಹೋದಾಕಿನ."

"ಹೌದು. ಅಂವ ಕಂಪನಿ ಮಾತ ನಂಬಿದ, ನೀ ಅಂವನ ಮಾತ ನಂಬಿದಿ, ನಾ ನಿನ್ನ ಮಾತ ನಂಬಿದೆ. ಎಲ್ಲಾರೂ ಮೋಸ ಹೋದವ್ರ. ಆದ್ರ ಜಾತಿ ಎತ್ತಿ ಬೈಸ್ಕೊಂಡಾಕಿ ನಾ ಒಬ್ಬಾಕಿ."

ಮೆಹರುನ್ನಿಸಾ ಬಿಚ್ಚಿದ ಹಸಿರು ಬಳೆಯನ್ನು ಮಡಿಲಲ್ಲಿಟ್ಟಳು.

"ನೀ ನಾಲ್ಕು ತಾಲೂಕು ತಿರಗಿದಿ ಅಕ್ಕಾ. ಕಂಪನಿ ಮಣ್ಣಗೂಡಿಸಿದಿ. ಇವರ ಅಂಗಡಿಗಿ ಮಂದಿ ಬರದಂಗ ಮಾಡಿದಿ. ನಿನ್ನ ಹೆಸರು ಉಳಸ್ಕೊಂಡಿ. ನಂದು? ಬಾಗೇವಾಡ್ಯಾಗ ಆ ಮನಿಯವ್ರು ಇವತ್ತಿಗೂ ದುರ್ಗವ್ವ ಮಾತಿಗಿ ತಪ್ಪಿದಾಕಿ ಅಂತಾರ. ಶಿರಾ ಉಪ್ಪಿಟ್ಟು ತಿನ್ನಾಕ ಅದ ಊರಿಗಿ ಹೋಗಿದ್ದಿ. ಆ ಮನಿ ಬಾಗಲದಾಗ ಒಂದ ಸಲ ನಿಂತಿದ್ದೇನು?"

ನಿಂತಿರಲಿಲ್ಲ. ನಿಲ್ಲಬೇಕೆಂದು ಹೊಳೆದೂ ಇರಲಿಲ್ಲ. ಅಂದು ಮಂಟಪದ ಮೂಲೆಯಲ್ಲಿ ಕೂತು ಅವಳು ಧರ್ಮರಾಜನ ಮುಖವನ್ನಷ್ಟೇ ನೋಡಿದ್ದಳು. ಮೆಹರುನ್ನಿಸಾಳಿಗೆ ಮೊದಲು ಸಿಟ್ಟು ಬಂತು, ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಎಂದು ಕೇಳಬೇಕೆನಿಸಿತು. ಬಾಯಿ ತೆರೆದಳು. ಉತ್ತರ ತನಗೇ ಗೊತ್ತಿದ್ದುದರಿಂದ ಮುಚ್ಚಿದಳು.

"ಏನ ಮಾಡ್ಲಿ ಹೇಳು," ಎಂದಳು.

ದುರ್ಗವ್ವ ಒಳಗೆ ಹೋಗಿ ಬಿಸಿ ರೊಟ್ಟಿಯ ದೊಡ್ಡ ಬುಟ್ಟಿ ತಂದಿಟ್ಟಳು. ಬಿಳಿ ಅರಿವೆ ಹೊದಿಸಿದಳು. ಸಿಂಬಿ ಸುತ್ತಿ ಮೆಹರುನ್ನಿಸಾಳ ತಲೆಯ ಮೇಲೆ ಇಟ್ಟು, ಬುಟ್ಟಿಯನ್ನು ತಾನೇ ಎತ್ತಿ ಅದರ ಮೇಲೆ ಕೂಡಿಸಿದಳು. "ಆ ಮನಿಗಿ ಹೊತ್ಕೊಂಡು ಬಾ. ಅವತ್ತ ರೊಟ್ಟಿ ಯಾಕ ಬರಲಿಲ್ಲ ಅಂತ ನೀ ಹೇಳು, ಜೋರಾಗಿ. ನಾ ಹಿಂದ ಬಂದು ಕೇಳ್ತೇನಿ."

ಬುಟ್ಟಿ ಭಾರವಿತ್ತು. ಬಿಸಿ ನೆತ್ತಿಗೆ ಇಳಿಯುತ್ತಿತ್ತು. ಧರ್ಮರಾಜನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಮೂಡುವುದನ್ನು ಅವಳು ಕಂಡಳು.

"ಚಾಚಿ, ಅದನ್ನೂ ನಾನ ಹೊರಲೇನ್ರಿ?" ಎಂದ ಅವನು, ಬಲು ಮರ್ಯಾದೆಯಿಂದ.

"ಮುಟ್ಟಬ್ಯಾಡ. ಮತ್ತ ಮಲಾರ ಯಾಕ ಇಳಸಾಕತ್ತಿ? ನಿಂದು ಮುಗದಿಲ್ಲ. ಬಾಗೇವಾಡಿಗಿ ನೀನೂ ಬರಬೇಕು. ಇಬ್ಬರೂ ನಿಂತು ಹೇಳೂಣು."

ಅವಳು ಮುಂದೆ, ಅವನು ಹಿಂದೆ, ದುರ್ಗವ್ವ ಎಲ್ಲರ ಹಿಂದೆ ಬಸ್‌ಸ್ಟ್ಯಾಂಡಿಗೆ ನಡೆದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಸಿಂದಗಿಯಲ್ಲಿ ನಕ್ಕವರ ಸದ್ದು ಎಂಥದೆಂದು ಮೆಹರುನ್ನಿಸಾಳಿಗೆ ಆಗ ತಿಳಿಯಿತು. ಕತ್ತು ನೆಟ್ಟಗೆ ಹಿಡಿದು ನಡೆದಳು. ಬುಟ್ಟಿ ಹೊತ್ತವರು ತಲೆ ತಗ್ಗಿಸುವ ಹಾಗೂ ಇರಲಿಲ್ಲ.

ಬಸ್ಸು ತುಂಬಿತ್ತು. ಯಾರೋ ಎದ್ದು ಕೊಟ್ಟ ಸೀಟಿನಲ್ಲಿ ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರ ಬಂದ. ಇಬ್ಬರು ಹೆಂಗಸರ ಆಧಾರ ಕಾರ್ಡು ನೋಡಿ ಎರಡು ಪುಕ್ಕಟೆ ಟಿಕೀಟು ಹರಿದು ಕೊಟ್ಟ. ಆಮೇಲೆ ಮಲಾರ ಹೊತ್ತು ಒಂದು ಕೈಯಲ್ಲಿ ಸರಳು ಹಿಡಿದು ತೂಗಾಡುತ್ತಿದ್ದ ಧರ್ಮರಾಜನ ಕಡೆ ತಿರುಗಿದ.

"ಗಂಡಸರಿಗಿ ಫ್ರೀ ಇಲ್ರಿ ಯಜಮಾನ್ರ. ರೊಕ್ಕ ತಗೀರಿ."

ಸರಳು ಬಿಟ್ಟರೆ ಬೀಳುತ್ತಾನೆ, ಮಲಾರ ಬಿಟ್ಟರೆ ಬಳೆ ಒಡೆಯುತ್ತವೆ. ಜೇಬಿಗೆ ಕೈ ಹೋಗಲೊಲ್ಲದು. ಅವನು ಮೆಹರುನ್ನಿಸಾಳ ಕಡೆ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹಿಂದಿನ ಸೀಟಿನಲ್ಲಿ ಕೂತ ದುರ್ಗವ್ವ ಸೆರಗಿನ ಗಂಟು ಬಿಚ್ಚಿ ರೊಕ್ಕ ಚಾಚಿದಳು. "ತಗೋರಿ, ಅವರದೊಂದು. ಬಾಗೇವಾಡಿ ತನಕ ಕೊಡ್ರಿ," ಎಂದಳು. "ನಡು ಹಾದ್ಯಾಗ ಇಳದು ಹೋಗೂ ಮಂದಿ ಅದಾರ."